ಮೆಕ್ಕೆಜೋಳದ ಗೋದಾಮಿನ ಕೆಲಸಕ್ಕೆ ಎನ್95 ಮಾಸ್ಕ್ ಸಾಕಾ?

ದಾವಣಗೆರೆ ಎಪಿಎಂಸಿ ಹತ್ತಿರ ಮೆಕ್ಕೆಜೋಳದ ಗೋದಾಮಿಗೆ ಹೊಸದಾಗಿ ಸೇರಿದ್ದೀರಿ. ಧೂಳಿಗೂ, ಹುಳಕ್ಕೆ ಇಡುವ ಗುಳಿಗೆಯ ಘಾಟಿಗೂ ಒಂದು ಎನ್95 ಸಾಕಾ, ತೊಳೆದು ತೊಳೆದು ಎಷ್ಟು ದಿನ ಹಾಕಬಹುದು ಅಂತ ಕೇಳಿದ್ದೀರಿ. ಸರಿಯಾಗಿ ಹಾಕಿಕೊಂಡರೆ ಧೂಳಿಗೆ ಸಾಕು. ಗುಳಿಗೆಗೆ ಏನೇನೂ ಸಾಲದು. ತೊಳೆಯಲಂತೂ ಬೇಡಿ. ಇದೇ ಊರಲ್ಲಿ ಒಂಬತ್ತು ವರ್ಷ ಗೋದಾಮು ನೋಡಿಕೊಂಡವನು ನಾನು, ಅರ್ಧ ಕಲಿತಿದ್ದು ಪೆಟ್ಟು ತಿಂದೇ.

ಮೊದಲ ವರ್ಷ ಹಮಾಲರ ಹಾಗೆ ನಾನೂ ಟವೆಲ್ ಸುತ್ತುತ್ತಿದ್ದೆ. ಆಮೇಲೆ ಎನ್95 ತಂದೆ, ಆದರೂ ಸಂಜೆ ಕೆಮ್ಮು ನಿಲ್ಲಲಿಲ್ಲ. ಒಂದು ದಿನ ಮಾಸ್ಕ್ ತೆಗೆದು ಬೈಕಿನ ಕನ್ನಡಿ ನೋಡಿಕೊಂಡರೆ ಮೂಗಿನ ಎರಡೂ ಬದಿ, ಕಣ್ಣಿನ ಕಡೆಗೆ, ಹಳದಿ ಧೂಳಿನ ಗೆರೆ. ಗಾಳಿ ನುಗ್ಗುತ್ತಿದ್ದದ್ದು ಅಲ್ಲಿಂದ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲೂ ಕನಿಷ್ಠ 95% ತಡೆಯುತ್ತದೆ ಅನ್ನುವ ಲೆಕ್ಕ ಮಾಸ್ಕಿನೊಳಗಿಂದ ಹಾದುಬಂದ ಗಾಳಿಗೆ ಮಾತ್ರ. ಸಂದಿಯಲ್ಲಿ ಬಂದದ್ದಕ್ಕೆ ಅಲ್ಲ. ಈಗಲೂ ದಿನಾ ಸಂಜೆ ಆ ಗೆರೆ ನೋಡಿಕೊಳ್ಳುತ್ತೇನೆ.

ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಹೋಗುವ ಎರಡು ಪಟ್ಟಿಯದು ಬಿಗಿಯಾಗಿ ಕೂರುತ್ತದೆ. ಒಂದು ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಇನ್ನೊಂದು ಕಿವಿಯ ಕೆಳಗೆ ಕುತ್ತಿಗೆಗೆ. ಮೂಗಿನ ತಂತಿಯನ್ನು ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮಡಚಿ ಸಂದಿ ಬೀಳುತ್ತದೆ, ಎರಡೂ ಕೈಬೆರಳಿಂದ ಒತ್ತಿ ಕೂರಿಸಿ. ಆಮೇಲೆ ಎರಡು ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೋ ಕೆನ್ನೆಗೋ ಗಾಳಿ ತಾಕಿದರೆ ಮತ್ತೆ ಸರಿಮಾಡಿ. ಗಡ್ಡ ಇದ್ದರೆ ಇದ್ಯಾವುದೂ ನಡೆಯುವುದಿಲ್ಲ, ಎರಡು ದಿನದ ಕೂಳೆಯೂ ಸಾಕು ಸೋರಲು. ಗಡ್ಡ ಬಿಡುವುದು ನಿಮ್ಮಿಷ್ಟ, ಆದರೆ ಆಗ ಎನ್95ಗೆ ದುಡ್ಡು ಹಾಕಬೇಡಿ.

ತೊಳೆಯಬೇಡಿ ಅಂದದ್ದಕ್ಕೆ ಕಾರಣ ಇದೆ. ಒಳಗಿನ ಎಳೆಗಳಲ್ಲಿರುವ ವಿದ್ಯುದಂಶ ಸಣ್ಣ ಕಣಗಳನ್ನು ಎಳೆದು ಹಿಡಿಯುತ್ತದೆ, ಸೋಪುನೀರಿಗೆ ಅದು ಹೋಗುತ್ತದೆ. ನೋಡಲು ಹೊಸದರ ಹಾಗೇ ಇರುತ್ತದೆ, ಮೋಸ ಇರುವುದೇ ಅಲ್ಲಿ. ಉಸಿರೆಳೆಯಲು ಭಾರ ಅನಿಸಿದರೆ, ಬೆವರಿಗೆ ಒದ್ದೆಯಾದರೆ, ಪಟ್ಟಿ ಸಡಿಲವಾದರೆ ಎಸೆಯಿರಿ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಒಂದೇ ದಿನಕ್ಕೆ ಮುಗಿದರೂ ಆಶ್ಚರ್ಯವಿಲ್ಲ. ಸೆಕೆಯಾದಾಗ ಧೂಳಿನಲ್ಲೇ ನಿಂತು ಗಲ್ಲಕ್ಕೆ ಇಳಿಸಬೇಡಿ, ಹೊರಗೆ ಬಂದು ತೆಗೆಯಿರಿ. ಆಸ್ತಮಾ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಇನ್ನು ಗುಳಿಗೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವಕ್ಕೆ ಕರಗುತ್ತ ಫಾಸ್ಫೀನ್ ಅನಿಲ ಬಿಡುತ್ತದೆ, 3 ಗ್ರಾಂ ಗುಳಿಗೆಗೆ ಸುಮಾರು 1 ಗ್ರಾಂ. ಎನ್95 ಹಿಡಿಯುವುದು ಕಣಗಳನ್ನು, ಅನಿಲ ಅದರೊಳಗಿಂದ ಸಲೀಸಾಗಿ ಹಾದುಹೋಗುತ್ತದೆ. ಇದು ಗೊತ್ತಿಲ್ಲದೆ ಒಮ್ಮೆ ಮಾಸ್ಕ್ ಇದೆಯಲ್ಲ ಅಂತ ಧೈರ್ಯದಲ್ಲಿ, ಗುಳಿಗೆ ಇಟ್ಟು ಚೀಲಗಳಿಗೆ ಹೊದಿಸಿದ್ದ ಟಾರ್ಪಲ್ಲಿನ ಮೂಲೆ ಎತ್ತಿದೆ. ಬೆಳ್ಳುಳ್ಳಿ ಹಾಗೆ ಘಾಟು, ಐದು ನಿಮಿಷಕ್ಕೆ ತಲೆ ಸಿಡಿತ, ಮನೆಗೆ ಬಂದು ವಾಂತಿ. ಅಷ್ಟಕ್ಕೇ ಮುಗಿದದ್ದು ನನ್ನ ಪುಣ್ಯ, ಇದಕ್ಕೆ ಪ್ರತಿವಿಷ ಅಂತ ಇಲ್ಲ. ವಾಸನೆ ಬರಲಿಲ್ಲ ಅಂದರೆ ಅನಿಲ ಇಲ್ಲ ಅಂತಲೂ ಅಲ್ಲ. ಮಂಡಕ್ಕಿ ಭಟ್ಟಿಯ ಹೊಗೆಯದೂ ಇದೇ ಕಥೆ: ಮಸಿ ಸ್ವಲ್ಪ ನಿಲ್ಲುತ್ತದೆ, ಅದರೊಳಗಿನ ಕಾರ್ಬನ್ ಮೊನಾಕ್ಸೈಡ್ ನಿಲ್ಲುವುದಿಲ್ಲ.

ಮಾಸ್ಕ್ ಗಾಳಿ ಸೋಸುತ್ತದೆಯೇ ಹೊರತು ಗಾಳಿ ಕೊಡುವುದಿಲ್ಲ. ನಮ್ಮಜ್ಜ ಹಗೇವಿನ (ನೆಲದೊಳಗೆ ಕಾಳು ತುಂಬಿಡುವ ಗುಂಡಿ) ಬಾಯಿ ತೆರೆದ ದಿನ ಯಾರನ್ನೂ ಇಳಿಸುತ್ತಿರಲಿಲ್ಲ. ಮುಚ್ಚಿಟ್ಟ ಕಾಳೂ ಉಸಿರಾಡುತ್ತದೆ, ಒಳಗಿನ ಆಮ್ಲಜನಕ ತಿಂದುಬಿಟ್ಟಿರುತ್ತದೆ. ಅಜ್ಜ ಲಾಟೀನು ಇಳಿಬಿಟ್ಟು ಆರುತ್ತದಾ ಅಂತ ನೋಡುತ್ತಿದ್ದ, ನೀವು ಅದನ್ನು ನಂಬಬೇಡಿ. ಸೈಲೋ, ಗುಂಡಿ, ಟ್ಯಾಂಕಿಗೆ ಇಳಿಯುವ ಮೊದಲು ಒಳಗಿನ ಗಾಳಿಯನ್ನು ಮೀಟರಿನಲ್ಲಿ ಅಳೆಯಬೇಕು.

ಟಾರ್ಪಲ್ ತೆಗೆಯಲು ಸಾಹುಕಾರರು ನಿಮಗೇ ಹೇಳಿದರೆ, ಗುಳಿಗೆ ಇಟ್ಟವರನ್ನೇ ಕರೆಸಿ ಅನ್ನಿ. ಅವರು ಬಂದು ಅಳೆದು ಹೇಳುವವರೆಗೆ ಹೊರಗೆ ಚಹಾ ಕುಡೀತಾ ಇರಿ.