ಎರಡು ಗಂಟೆ ಉಸಿರು ಬಿಗಿಹಿಡಿಸಿ ಕೊನೆಗೆ ಕೈಕೊಡುವುದೇಕೆ?

ಪ್ರಶ್ನೆ: ಮೊನ್ನೆ ಒಂದು ಕ್ರೈಂ ಥ್ರಿಲ್ಲರ್ ನೋಡಿದೆ. ಒಂದಾದ ಮೇಲೊಂದು ಕೊಲೆ. ರಕ್ತ ಜಾಸ್ತಿನೇ ಇತ್ತು, ಆದರೂ ಕಣ್ಣು ಕೀಳಲು ಆಗಲಿಲ್ಲ. ಕೊನೆಯಲ್ಲಿ ಕೊಲೆಗಾರ ಪೊಲೀಸ್ ಅಧಿಕಾರಿಯನ್ನು ಕುರ್ಚಿಗೆ ಕಟ್ಟಿಹಾಕಿ ತನ್ನ ಬಾಲ್ಯದ ಕಥೆಯನ್ನೆಲ್ಲ ಹೇಳುತ್ತಾ ಕೂತ. ಆಮೇಲೆ ಒಂದು ಹೊಡೆದಾಟ, ಅಷ್ಟರಲ್ಲಿ ಪೊಲೀಸರು ಬಂದರು, ಮುಗೀತು. ಅಷ್ಟು ಚೆನ್ನಾಗಿ ಮಾಡಿದವರು ಕೊನೆಯಲ್ಲಿ ಯಾಕೆ ಹೀಗೆ ಕೆಡಿಸುತ್ತಾರೆ?

ಉತ್ತರ: ನಿಮಗೆ ಬೇಜಾರಾಗಿದ್ದು ಸರಿಯಾಗೇ ಇದೆ. ಎರಡು ಗಂಟೆ ನಿಮ್ಮನ್ನು ಹೆದರಿಸಿದ್ದು ಆ ಮನುಷ್ಯನ ಬಗ್ಗೆ ಏನೂ ಗೊತ್ತಿಲ್ಲ ಅನ್ನೋದೇ ಅಲ್ವಾ? ಅವನು ಬಾಯಿಬಿಟ್ಟು ಕಾರಣ ಹೇಳಿದ ಕೂಡಲೇ ಆ ಭಯ ಹೋಯಿತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅಷ್ಟೊಂದು ಜನ ಸತ್ತರು, ಅವರ ನೋವನ್ನು ಹತ್ತಿರದಿಂದ ತೋರಿಸಿದರು, ಆದರೆ ಕೊನೆಗೆ ಅವರ ನೆನಪು ಯಾರಿಗೂ ಇಲ್ಲ, ಉಳಿದಿದ್ದು ಇಬ್ಬರು ಗಂಡಸರ ಗುದ್ದಾಟ ಮಾತ್ರ. ಸತ್ತವರನ್ನು ಮರೆತು ಮುಗಿಯುವ ಚಿತ್ರ ಎಷ್ಟೇ ಬಿಗಿಯಾಗಿದ್ದರೂ ನನ್ನ ಮಟ್ಟಿಗೆ ಸೋತ ಹಾಗೆ.

ಕೆಲವೊಮ್ಮೆ ಇದು ಬರೆದವರ ಕೈಯಲ್ಲೂ ಇರುವುದಿಲ್ಲ. 1987ರ ‘ಫೇಟಲ್ ಅಟ್ರಾಕ್ಷನ್’ನಲ್ಲಿ ಮೊದಲು ಚಿತ್ರೀಕರಿಸಿದ ಕೊನೆಯಲ್ಲಿ, ಮದುವೆಯಾದ ನಾಯಕ ಸಂಬಂಧ ಇಟ್ಟುಕೊಂಡಿದ್ದ ಅಲೆಕ್ಸ್ ತಾನೇ ಕತ್ತು ಕುಯ್ದುಕೊಳ್ಳುತ್ತಾಳೆ, ಚಾಕುವಿನ ಮೇಲೆ ನಾಯಕನ ಬೆರಳಚ್ಚು ಇರುತ್ತದೆ. ಬಿಡುಗಡೆಗೆ ಮುಂಚೆ ತೋರಿಸಿದಾಗ ಪ್ರೇಕ್ಷಕರಿಗೆ ಹಿಡಿಸಲಿಲ್ಲ ಅಂತ ಬೇರೆ ಕೊನೆ ಚಿತ್ರೀಕರಿಸಿದರು, ಅದರಲ್ಲಿ ನಾಯಕನ ಹೆಂಡತಿ ಬಾತ್‌ರೂಮಿನಲ್ಲಿ ಅವಳಿಗೆ ಗುಂಡು ಹೊಡೆಯುತ್ತಾಳೆ. ಆ ಪಾತ್ರ ಮಾಡಿದ ಗ್ಲೆನ್ ಕ್ಲೋಸ್ ಅವರಿಗೇ ಇದು ಇಷ್ಟವಿರಲಿಲ್ಲ. ಚಿತ್ರ ಭರ್ಜರಿಯಾಗಿ ಓಡಿತು, ನಿಜ. ಆದರೆ ತಪ್ಪು ಮಾಡಿದ ಗಂಡಸು ಸುಲಭವಾಗಿ ಪಾರಾಗಿಬಿಟ್ಟ. 1995ರ ‘ಸೆವೆನ್’ಗೂ ಇದೇ ಗತಿ ಬರುವುದರಲ್ಲಿತ್ತು. ಕೊನೆಯಲ್ಲಿ ಕೊಲೆಗಾರ ಕಳಿಸುವ ಪೆಟ್ಟಿಗೆಯ ದೃಶ್ಯ ಉಳಿಯಲೇಬೇಕು ಅಂತ ಅದರ ನಟ ಬ್ರಾಡ್ ಪಿಟ್ ಪಟ್ಟು ಹಿಡಿದರು. ಪೆಟ್ಟಿಗೆಯೊಳಗೆ ಏನಿದೆ ಅಂತ ಕ್ಯಾಮೆರಾ ನಮಗೆ ತೋರಿಸುವುದೇ ಇಲ್ಲ, ಅದನ್ನು ತೆರೆಯುವ ಪತ್ತೇದಾರನ ಪಾತ್ರದ ಮಾರ್ಗನ್ ಫ್ರೀಮನ್ ಮುಖ ನೋಡಿದರೆ ಸಾಕು.

ಪ್ರಶ್ನೆ: ಕೊಲೆಗಾರ ಸಿಗದೇ ಮುಗಿಯುವ ಚಿತ್ರಗಳನ್ನು ವಿಮರ್ಶಕರು ಹೊಗಳುತ್ತಾರೆ. ಟಿಕೆಟ್ ಕೊಟ್ಟು ಹೋದವರಿಗೆ ಅದು ಮೋಸ ಅಲ್ಲವೇ?

ಉತ್ತರ: ಸಿಗದೇ ಇರುವುದಕ್ಕೆ ಚಿತ್ರದೊಳಗೇ ಕಾರಣ ಇದ್ದರೆ ಮೋಸ ಅಲ್ಲ. 2003ರ ಕೊರಿಯನ್ ಚಿತ್ರ ‘ಮೆಮೊರೀಸ್ ಆಫ್ ಮರ್ಡರ್’ ನೋಡಿ. ದಕ್ಷಿಣ ಕೊರಿಯಾದ ಹ್ವಾಸಾಂಗ್‌ನಲ್ಲಿ 1986ರಿಂದ 1991ರವರೆಗೆ ನಡೆದ ಸರಣಿ ಕೊಲೆಗಳ ಕಥೆ, ಚಿತ್ರ ಬಂದಾಗ ಕೊಲೆಗಾರ ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ಪೊಲೀಸರು ಸಿಕ್ಕವರನ್ನು ಹೊಡೆದು ಬಡಿದು ತಪ್ಪೊಪ್ಪಿಗೆ ಪಡೆಯಲು ನೋಡುವುದನ್ನು ಮೊದಲಿನಿಂದಲೇ ತೋರಿಸುತ್ತಾರೆ, ಹಾಗಾಗಿ ಕೊನೆಯಲ್ಲಿ ಕೈ ಖಾಲಿ ಇರುವುದು ಆ ಕೆಲಸದ ಫಲವೇ. ಕೊನೇ ಶಾಟ್‌ನಲ್ಲಿ ಪತ್ತೇದಾರನ ಪಾತ್ರ ಮಾಡಿದ ಸಾಂಗ್ ಕಾಂಗ್ ಹೋ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಾರೆ. ಕೊಲೆಗಾರನೂ ಎಲ್ಲೋ ಕೂತು ಈ ಚಿತ್ರ ನೋಡಬಹುದು ಅನ್ನೋ ಯೋಚನೆ ನಿರ್ದೇಶಕ ಬಾಂಗ್ ಜೂನ್ ಹೋ ಅವರಿಗಿತ್ತು. 2019ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಕೊಲೆಗಾರನ ಗುರುತು ಸಿಕ್ಕಿತು. ಬೇರೊಂದು ಕೊಲೆಗೆ ಆಗಲೇ ಜೈಲಿನಲ್ಲಿದ್ದ.

ಎರಡನೇ ಭಾಗ ಮಾಡಬೇಕು ಅಂತ ಕೊಲೆಗಾರನನ್ನು ಸುಮ್ನೆ ತಪ್ಪಿಸಿಬಿಟ್ಟರೆ ಅದು ಮೋಸವೇ.

ಪ್ರಶ್ನೆ: ಇಷ್ಟೊಂದು ಹಿಂಸೆ ಬೇಕಾ?

ಉತ್ತರ: ಎಷ್ಟೋ ಸಲ ಬೇಡ. ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ನಲ್ಲಿ (2007) ರಕ್ತಕ್ಕೇನೂ ಕಡಿಮೆ ಇಲ್ಲ, ಆದರೆ ಅತಿ ಹೆಚ್ಚು ಹೆದರಿಸುವುದು ಯಾರೂ ಸಾಯದ ದೃಶ್ಯ. ಪೆಟ್ರೋಲ್ ಬಂಕಿನಲ್ಲಿ ಬದುಕು-ಸಾವು ತೀರ್ಮಾನಿಸಲು ಕೊಲೆಗಾರ ಚಿಮ್ಮುವ ಒಂದು ನಾಣ್ಯ, ಏನೂ ಅರ್ಥವಾಗದ ಮುದುಕ, ಕೊಲೆಗಾರ ಮುದುಡಿ ಇಟ್ಟ ತಿಂಡಿ ಪೊಟ್ಟಣ ಕೌಂಟರ್ ಮೇಲೆ ಚಿಟಿಚಿಟಿ ಅಂತ ನಿಧಾನಕ್ಕೆ ಬಿಚ್ಚಿಕೊಳ್ಳುವುದು. ಅಷ್ಟೇ. ಈ ಚಿತ್ರದ ಕೊನೆಯ ಬಗ್ಗೆಯೂ ಬೇಕಾದಷ್ಟು ಜನ ಸಿಟ್ಟಾದರು, ಯಾಕಂದ್ರೆ ನಾಯಕ ಅಂದುಕೊಂಡವನು ತೆರೆಯ ಹಿಂದೆಯೇ ಸಾಯುತ್ತಾನೆ, ಕೊನೆಗೆ ವಯಸ್ಸಾದ ಶೆರಿಫ್ (ಅಲ್ಲಿನ ಪೊಲೀಸ್ ಅಧಿಕಾರಿ) ತನ್ನ ಕನಸು ಹೇಳಿ ಸುಮ್ಮನಾಗುತ್ತಾನೆ. ನನಗೆ ಆ ಕೊನೆ ಇಷ್ಟ. ಅಷ್ಟು ಹೆಣ ನೋಡಿದವನ ಸುಸ್ತು ಅವನ ಮುಖದಲ್ಲಿ ಕಾಣುತ್ತದೆ. ನೀವು ನೋಡಿದ ಚಿತ್ರದ ಅಧಿಕಾರಿಗೆ ಹೊಡೆದಾಟ ಮುಗಿದ ಮೇಲೆ ಅಂಥ ಒಂದು ನಿಮಿಷವನ್ನಾದರೂ ಕೊಡಬಹುದಿತ್ತು.