ಅಮ್ಯುಲೆಟ್ ಆಫ್ ಕಿಂಗ್ಸ್ ಕೊನೆಗೆ ಏನಾಯಿತು? ಸ್ಕೈರಿಮ್‌ನಲ್ಲಿ ಸಿಗುವುದು ಅದೇನಾ?

ಎಲ್ಡರ್ ಸ್ಕ್ರೋಲ್ಸ್ ಸರಣಿಯ ಆಬ್ಲಿವಿಯನ್ ಗೇಮಿನಲ್ಲಿ ಚಕ್ರವರ್ತಿಗಳು ಕೊರಳಿಗೆ ಹಾಕುವ ಪದಕ ಅಮ್ಯುಲೆಟ್ ಆಫ್ ಕಿಂಗ್ಸ್ ಆಮೇಲೆ ಏನಾಯಿತು, ಅದರ ಮುಂದಿನ ಗೇಮ್ ಸ್ಕೈರಿಮ್‌ನಲ್ಲಿ ಡಾರ್ಕ್ ಬ್ರದರ್‌ಹುಡ್ ಅನ್ನೋ ಸುಪಾರಿ ಹಂತಕರ ಕಥೆಯಲ್ಲಿ ಸಿಗುವ ಕೆತ್ತನೆಯ ಅಮ್ಯುಲೆಟ್ ಅದೇನಾ ಅಂತ ಕೇಳಿದ್ದೀರಿ.

ಅಲ್ಲ. ಅದೇ ಬೇರೆ, ಇದೇ ಬೇರೆ. ಅಮ್ಯುಲೆಟ್ ಆಫ್ ಕಿಂಗ್ಸ್ ಆಬ್ಲಿವಿಯನ್ ಕಥೆ ನಡೆಯುವ ಮೂರನೇ ಯುಗದ 433ನೇ ವರ್ಷದಲ್ಲೇ ಒಡೆದು ಹೋಯಿತು. ಎಲ್ಲೋ ಕಳೆದು ಹೋಗಿದ್ದಲ್ಲ, ಯಾರೋ ಬಚ್ಚಿಟ್ಟಿದ್ದೂ ಅಲ್ಲ. ಚಕ್ರವರ್ತಿ ವಂಶದ ಕೊನೆಯ ಕುಡಿ ಮಾರ್ಟಿನ್ ಸೆಪ್ಟಿಮ್ ತಾನಾಗಿಯೇ ಅದನ್ನು ಒಡೆದ.

ಶಿವಮೊಗ್ಗದಲ್ಲಿ ಓದುವಾಗ ನನ್ನ ರೂಮ್‌ಮೇಟ್ ತೀರ್ಥಹಳ್ಳಿ ಕಡೆಯವನು. ಮಳೆಗಾಲದಲ್ಲಿ ಕರೆಂಟ್ ಹೋದಾಗೆಲ್ಲ ನಮ್ಮಿಬ್ಬರಿಗೂ ಇದೇ ವಾದ. ಅಷ್ಟು ಕಷ್ಟಪಟ್ಟು ತಂದ ವಸ್ತುವನ್ನು ಒಡೆದು ಹಾಕಿದ್ದು ಅನ್ಯಾಯ ಅಂತ ಅವನು. ಒಡೆಯದೇ ಇದ್ದಿದ್ದರೆ ಅದು ತಂದಿದ್ದೇ ದಂಡ ಅಂತ ನಾನು. ಈಗಲೂ ನಾನು ಅದನ್ನೇ ಹೇಳುತ್ತೇನೆ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅದು ಬರೀ ರಾಜರ ಒಡವೆ ಅಲ್ಲ. ಅಕಟೋಶ್ ಅನ್ನೋ ದೇವರು ಅಲೆಸಿಯಾ ಅನ್ನೋ ರಾಣಿಗೆ ಕೊಟ್ಟ ಮಾತಿನ ಗುರುತು. ಅವಳ ವಾರಸುದಾರರು ಅದನ್ನು ಧರಿಸಿ ಇಂಪೀರಿಯಲ್ ಸಿಟಿಯ ಟೆಂಪಲ್ ಆಫ್ ದಿ ಒನ್‌ನಲ್ಲಿ ಡ್ರ್ಯಾಗನ್‌ಫೈರ್ಸ್ ಅನ್ನೋ ಪವಿತ್ರ ಬೆಂಕಿ ಹಚ್ಚಬೇಕು. ಆ ಬೆಂಕಿ ಇರುವ ತನಕ ಆಬ್ಲಿವಿಯನ್ ಲೋಕದ ಡೇಡ್ರಾ ಅನ್ನೋ ದೈತ್ಯಶಕ್ತಿಗಳು ಈ ಕಡೆ ನುಗ್ಗುವಂತಿಲ್ಲ. ನಮ್ಮ ಮಲೆನಾಡಿನಲ್ಲಿ ತೋಟದ ಅಂಚಿಗೆ ಚೌಡಿ, ಭೂತಪ್ಪ ಇರುತ್ತಾರಲ್ಲ, ಹಾಗೆ. ಮನೆಯವರು ತಲೆತಲಾಂತರದಿಂದ ಪೂಜೆ ನಡೆಸಿಕೊಂಡು ಬರಬೇಕು, ಅವರು ಗಡಿ ಕಾಯಬೇಕು. ಕಲ್ಲಿಗಿಂತ ಆ ನಡವಳಿಕೆ ಮುಖ್ಯ. ಅಮ್ಯುಲೆಟ್ಟಿನಲ್ಲೂ ಅಷ್ಟೇ, ಕೆಂಪು ಹರಳಿಗಿಂತ ಅದರ ಹಿಂದಿನ ಮಾತು ದೊಡ್ಡದು.

ಆಬ್ಲಿವಿಯನ್ ಕಥೆ ಶುರುವಾಗುವುದೇ ಆ ವಂಶ ಕಡಿದು ಹೋಗುವಾಗ. ಮೆಹ್ರೂನ್ಸ್ ಡೇಗನ್ ಅನ್ನೋ ಡೇಡ್ರಾ ಪ್ರಿನ್ಸ್‌ನನ್ನು ಪೂಜಿಸುವ ಮಿಥಿಕ್ ಡಾನ್ ಪಂಗಡದವರು ಯೂರಿಯಲ್ ಸೆಪ್ಟಿಮ್ ಚಕ್ರವರ್ತಿಯನ್ನೂ ಅವನ ಮಕ್ಕಳನ್ನೂ ಕೊಲ್ಲುತ್ತಾರೆ. ಸಾಯುವ ಮುಂಚೆ ಚಕ್ರವರ್ತಿ ಅಮ್ಯುಲೆಟ್ಟನ್ನು ಆಟಗಾರನಾದ ನಿಮ್ಮ ಕೈಗೆ ಕೊಡುತ್ತಾನೆ. ನೀವು ಅದನ್ನು ಹಾಕಿಕೊಳ್ಳಲು ನೋಡಿದರೆ ಆಗಲ್ಲ, ಅಲ್ವಾ? ಆ ಚಿಕ್ಕ ವಿಷಯ ನನಗೆ ತುಂಬಾ ಇಷ್ಟ. ನೀವು ಹೀರೋ ಇರಬಹುದು, ಆದರೆ ಈ ಮಾತು ನಿಮ್ಮ ಜೊತೆ ಆಡಿದ್ದಲ್ಲ ಅಂತ ಗೇಮು ಮೊದಲೇ ಹೇಳಿಬಿಡುತ್ತದೆ.

ಉಳಿದವನು ಮಾರ್ಟಿನ್ ಒಬ್ಬನೇ. ಚಕ್ರವರ್ತಿಯ ಮಗ ಅಂತ ಅವನಿಗೇ ಗೊತ್ತಿರಲಿಲ್ಲ. ಕ್ವಾಚ್ ಊರಿನಲ್ಲಿ ಅದೇ ಅಕಟೋಶ್‌ನ ಪೂಜಾರಿಯಾಗಿದ್ದ. ಅವನನ್ನು ಕರೆತರುವಷ್ಟರಲ್ಲಿ ವೇನನ್ ಪ್ರಯರಿ ಅನ್ನೋ ಮಠದಲ್ಲಿ ಇಟ್ಟಿದ್ದ ಅಮ್ಯುಲೆಟ್ ಕಳುವಾಗಿರುತ್ತದೆ. ಮಿಥಿಕ್ ಡಾನ್ ನಾಯಕ ಮ್ಯಾಂಕರ್ ಕ್ಯಾಮೊರಾನ್ ಅದನ್ನು ಪ್ಯಾರಡೈಸ್ ಅನ್ನೋ ತನ್ನದೇ ಬೇರೆ ಲೋಕಕ್ಕೆ ಒಯ್ದಿರುತ್ತಾನೆ. ಅಲ್ಲಿಗೆ ಬಾಗಿಲು ತೆರೆಯಲು ಬೇಕಾದ ಸಾಮಾನು ನೋಡಿ: ಒಂದು ಡೇಡ್ರಿಕ್ ಆರ್ಟಿಫ್ಯಾಕ್ಟ್ (ಡೇಡ್ರಾ ಪ್ರಿನ್ಸ್ ಕೊಡುವ ಅಪರೂಪದ ವಸ್ತು), ಸ್ಯಾಂಕ್ರೆ ಟೋರ್ ಅನ್ನೋ ಹಾಳು ಕೋಟೆಯಿಂದ ಸೆಪ್ಟಿಮ್ ವಂಶದ ಮೂಲಪುರುಷ ಟೈಬರ್ ಸೆಪ್ಟಿಮ್‌ನ ಕವಚ, ಆಮೇಲೆ ಗ್ರೇಟ್ ವೆಲ್ಕಿಂಡ್ ಸ್ಟೋನ್, ಗ್ರೇಟ್ ಸಿಗಿಲ್ ಸ್ಟೋನ್ ಅನ್ನೋ ಎರಡು ಮಾಂತ್ರಿಕ ಕಲ್ಲು. ಕೊಟ್ಟ ಡೇಡ್ರಿಕ್ ವಸ್ತು ವಾಪಸ್ ಬರಲ್ಲ. ದೊಡ್ಡ ದೊಡ್ಡ ವಸ್ತುಗಳನ್ನು ಒಂದೊಂದಾಗಿ ಬಿಟ್ಟುಕೊಡುವುದು ಈ ಕಥೆಯಲ್ಲಿ ಮುಂಚೆಯೇ ಶುರುವಾಗಿದೆ. ಕೊನೆಯದನ್ನು ಮಾರ್ಟಿನ್ ಬಿಟ್ಟುಕೊಡುತ್ತಾನೆ, ಅಷ್ಟೇ.

ಅಮ್ಯುಲೆಟ್ ತಂದ ಮೇಲೂ ಕಾಲ ಮಿಂಚಿರುತ್ತದೆ. ಬೆಂಕಿ ಹಚ್ಚುವ ಮುಂಚೆಯೇ ಮೆಹ್ರೂನ್ಸ್ ಡೇಗನ್ ತಾನೇ ಊರೊಳಗೆ ಬಂದು ನಿಂತಿರುತ್ತಾನೆ. ಶತ್ರು ಒಳಗೆ ಬಂದ ಮೇಲೆ ಬಾಗಿಲು ಹಾಕಿ ಏನು ಪ್ರಯೋಜನ? ಆಗ ಮಾರ್ಟಿನ್ ಟೆಂಪಲ್ಲಿಗೆ ಹೋಗಿ ಅಮ್ಯುಲೆಟ್ ಒಡೆಯುತ್ತಾನೆ. ಅದರೊಳಗಿನ ಶಕ್ತಿಯಿಂದ ಅವನೇ ಅಕಟೋಶ್‌ನ ರೂಪ ತಾಳಿ, ಬೆಂಕಿಯ ಡ್ರ್ಯಾಗನ್ ಆಗಿ ಡೇಗನ್‌ನನ್ನು ಆಚೆ ಅಟ್ಟುತ್ತಾನೆ. ಆಮೇಲೆ ಅಲ್ಲೇ ಕಲ್ಲಾಗಿ ಹೋಗುತ್ತಾನೆ.

ಅಮ್ಯುಲೆಟ್ಟೂ ಹೋಯಿತು, ಸೆಪ್ಟಿಮ್ ವಂಶವೂ ಮುಗಿಯಿತು. ಆದರೆ ಇನ್ನು ಮೇಲೆ ಬೆಂಕಿ ಹಚ್ಚಲು ವಾರಸುದಾರ ಬೇಕಾಗಿಲ್ಲ. ಆ ತ್ಯಾಗದಿಂದ ಎರಡು ಲೋಕಗಳ ನಡುವಿನ ದಾರಿ ಖಾಯಂ ಮುಚ್ಚಿತು. ಹಾಗಾಗಿಯೇ ನಾಲ್ಕನೇ ಯುಗದ 201ರಲ್ಲಿ ನಡೆಯುವ ಸ್ಕೈರಿಮ್‌ನ ಮೂಲ ಕಥೆಯಲ್ಲಿ ಡೇಡ್ರಾಗಳು ನುಗ್ಗಿ ಬರುವ ಆಬ್ಲಿವಿಯನ್ ಗೇಟ್‌ಗಳು ಕಾಣಲ್ಲ. ಡೇಡ್ರಾ ಪ್ರಿನ್ಸ್‌ಗಳು ಮಾತಾಡುತ್ತಾರೆ, ಆಸೆ ತೋರಿಸುತ್ತಾರೆ, ಕೆಲಸ ಹೇಳುತ್ತಾರೆ. ಸೈನ್ಯ ಕಟ್ಟಿಕೊಂಡು ಬರುವುದಿಲ್ಲ. ನನ್ನ ರೂಮ್‌ಮೇಟ್ ಹೇಳಿದಂತೆ ಅಮ್ಯುಲೆಟ್ ಉಳಿದಿದ್ದರೆ ಏನಾಗುತ್ತಿತ್ತು? ಮುಂದಿನ ಪ್ರತಿ ಚಕ್ರವರ್ತಿ ಸತ್ತಾಗಲೂ ಅದೇ ಭಯ. ಒಂದೇ ಮನೆತನದ ರಕ್ತದ ಮೇಲೆ ಇಡೀ ಲೋಕ ನಿಂತಿದ್ದು ಎಷ್ಟು ಅಪಾಯ ಅಂತ ಗೇಮಿನ ಮೊದಲ ಅರ್ಧ ಗಂಟೆಯಲ್ಲೇ ನೋಡಿರುತ್ತೇವೆ.

ಸ್ಕೈರಿಮ್‌ನ ಅಮ್ಯುಲೆಟ್ ವಿಷಯ ಬೇಗ ಮುಗಿಯುತ್ತದೆ. ಅಮಾಂಡ್ ಮೋಟಿಯೆರ್ ಅನ್ನೋ ಶ್ರೀಮಂತ ಆ ಕಾಲದ ಚಕ್ರವರ್ತಿಯ ಕೊಲೆಗೆ ಸುಪಾರಿ ಕೊಡುವಾಗ ಖರ್ಚಿಗೆ ಅಂತ ಕೊಡುವುದು ಅದು. ರಿಫ್ಟನ್ ಊರಿನ ಕಳ್ಳರ ಗುಂಪಿನ ಡೆಲ್ವಿನ್ ಮ್ಯಾಲೊರಿಗೆ ತೋರಿಸಿದರೆ ಅವನೇ ಹೇಳುತ್ತಾನೆ, ಸಾಮ್ರಾಜ್ಯದ ಆಡಳಿತ ಸಭೆಯಾದ ಎಲ್ಡರ್ ಕೌನ್ಸಿಲ್‌ನ ಸದಸ್ಯರಿಗೆ ಅಂತಲೇ ಮಾಡಿಸಿದ್ದು ಅಂತ. ಬೆಲೆ ಜಾಸ್ತಿ ಇದೆ ನಿಜ. ಅಧಿಕಾರದ ಗುರುತು, ಅಷ್ಟೇ. ಮಾತುಗೀತು ಏನೂ ಇಲ್ಲ ಅದರಲ್ಲಿ.

ಇನ್ನೊಂದು ಗೊಂದಲ ಇದೇ ಸರಣಿಯ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಗೇಮಿನಿಂದ ಬರುತ್ತದೆ. ಅದು 2014ರಲ್ಲಿ ಬಂತು, ಅಂದರೆ ಸ್ಕೈರಿಮ್ ಆದ ಮೇಲೆ. ಅದರಲ್ಲಿ ಅಮ್ಯುಲೆಟ್ ಸರಿಯಾಗೇ ಇದೆ, ಸ್ಯಾಂಕ್ರೆ ಟೋರ್‌ನಿಂದ ನೀವೇ ತರುತ್ತೀರಿ. ಹಾಗಂತ ಮತ್ತೆ ಜೋಡಿಸಿದ್ದಲ್ಲ. ಗೇಮು ಹೊಸದು, ಕಥೆಯ ಕಾಲ ಹಳೆಯದು. ಅದು ಎರಡನೇ ಯುಗದ 582, ಮಾರ್ಟಿನ್ ಇನ್ನೂ ಹುಟ್ಟೇ ಇಲ್ಲ.

ನೀವು ಈಗ 2025ರ ಆಬ್ಲಿವಿಯನ್ ರೀಮಾಸ್ಟರ್ಡ್ ಆಡುತ್ತಿದ್ದರೆ ಒಂದು ಮಾತು. ಮುಖ್ಯ ಕಥೆ ಮುಗಿದ ತಕ್ಷಣ ಗೇಮ್ ಬಂದ್ ಮಾಡಬೇಡಿ. ಟೆಂಪಲ್ಲಿಗೆ ವಾಪಸ್ ಹೋದರೆ ಆ ಕಲ್ಲಿನ ಡ್ರ್ಯಾಗನ್ ಹತ್ತಿರದಿಂದ ನೋಡಲು ಸಿಗುತ್ತದೆ. ಗೇಮಿನಲ್ಲಿ ಎರಡು ವಾರ ಕಳೆದ ಮೇಲೆ ಇಂಪೀರಿಯಲ್ ಡ್ರ್ಯಾಗನ್ ಆರ್ಮರ್ ಕೂಡ ಸಿಗುತ್ತದೆ, ಎಲ್ಡರ್ ಕೌನ್ಸಿಲ್‌ನ ಮುಖ್ಯಸ್ಥ ಚಾನ್ಸಲರ್ ಒಕಾಟೊ ಅದನ್ನು ನಿಮಗಾಗಿ ಮಾಡಿಸಿರುತ್ತಾನೆ. ಮರೆಯದೇ ತಗೊಳ್ಳಿ.