ಅಮೆರಿಕದ ಹೈಸ್ಕೂಲು ಮಕ್ಕಳ ಬೇಸಿಗೆ ವೈದ್ಯಕೀಯ ಕಾರ್ಯಕ್ರಮಗಳು: ಯಾರು ಅರ್ಜಿ ಹಾಕಬಹುದು, ಯಾವುದನ್ನು ನಂಬಬಹುದು?

ಕ್ಯಾಲಿಫೋರ್ನಿಯಾದ ಸಾರ್ವಜನಿಕ ಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿರುವ ನಿಮ್ಮ ಮಗಳಿಗೆ ವೈದ್ಯೆಯಾಗುವ ಆಸೆಯಿದೆಯೆಂದೂ, ವೈದ್ಯಕೀಯ ರಂಗದಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲದ ಹಿನ್ನೆಲೆಯ ಮಕ್ಕಳಿಗಾಗಿ ಬೇಸಿಗೆ ರಜೆಯಲ್ಲಿ ನಡೆಯುವ ಉಚಿತ ಕಾರ್ಯಕ್ರಮಗಳಿಗೆ ಅವಳು ಅರ್ಜಿ ಹಾಕಬಹುದೇ ಎಂದೂ ಕೇಳಿದ್ದೀರಿ. ಜೊತೆಗೆ, ನಿಮ್ಮ ಮಗಳು ಭಾವೀ ವೈದ್ಯೆಯೆಂದು ನಾಮನಿರ್ದೇಶನಗೊಂಡಿದ್ದಾಳೆ ಎಂಬ ಒಕ್ಕಣೆಯ ಪತ್ರವೊಂದು ಅಂಚೆಯಲ್ಲಿ ಬಂದಿದ್ದು, ಅದರಲ್ಲಿ ಕೇಳಿರುವ ಹಲವು ಸಾವಿರ ಡಾಲರ್ ಕಟ್ಟಬಹುದೇ ಎಂದು ವಿಚಾರಿಸಿದ್ದೀರಿ. ಈ ಎರಡನೆಯ ಪ್ರಶ್ನೆಗೆ ಉತ್ತರ ಸರಳವಾಗಿದೆ: ದಯವಿಟ್ಟು ಕಟ್ಟಬೇಡಿ. ಮೊದಲನೆಯದಕ್ಕೆ ಉತ್ತರ ನಿಮ್ಮ ಮನೆಯ ಆದಾಯ, ತಂದೆತಾಯಿಯರಾದ ನಿಮ್ಮಿಬ್ಬರ ಓದು ಮತ್ತು ನಿಮ್ಮ ವೀಸಾ ಎಂಬ ಮೂರು ಸಂಗತಿಗಳನ್ನು ಅವಲಂಬಿಸಿದೆ. ಇವುಗಳ ಬಗ್ಗೆ ನೀವು ಏನೂ ಬರೆದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ನಾನು ಇಲ್ಲಿನ ಬೋಧನಾ ಆಸ್ಪತ್ರೆಯೊಂದರ ಮಕ್ಕಳ ವಿಭಾಗದಲ್ಲಿ ವೈದ್ಯೆಯಾಗಿದ್ದು, ಇಂಥದೇ ಒಂದು ಬೇಸಿಗೆ ಕಾರ್ಯಕ್ರಮಕ್ಕೆ ಬರುವ ಅರ್ಜಿಗಳನ್ನು ಓದುವ ಸಮಿತಿಯಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಅರ್ಜಿಗಳ ರಾಶಿಯಲ್ಲಿ ಭಾರತೀಯ ಹೆಸರುಗಳು ಪ್ರತಿ ವರ್ಷವೂ ಇರುತ್ತವೆ. ಅವುಗಳಲ್ಲಿ ಕೆಲವು ಈ ಕಾರ್ಯಕ್ರಮ ನಿಜಕ್ಕೂ ಯಾರಿಗಾಗಿ ಇದೆಯೋ ಅಂಥ ಮಕ್ಕಳದು, ಇನ್ನು ಕೆಲವು ಹಾಗಲ್ಲ. ಈ ವ್ಯತ್ಯಾಸ ಅರ್ಥವಾಗಬೇಕಾದರೆ ಈ ಕಾರ್ಯಕ್ರಮಗಳು ಏಕೆ ಹುಟ್ಟಿಕೊಂಡವು ಎಂಬುದನ್ನು ಮೊದಲು ತಿಳಿಯಬೇಕು.

1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕದ ವೈದ್ಯಕೀಯ ಶಾಲೆಗಳ ಸ್ಥಿತಿಗತಿಯನ್ನು ಕುರಿತು ಒಂದು ವರದಿ ಕೊಟ್ಟರು. ಬೋಧನೆಯ ಗುಣಮಟ್ಟವನ್ನು ಎತ್ತರಿಸಿದ ಕೀರ್ತಿ ಆ ವರದಿಗಿದೆ, ಆದರೆ ಕಪ್ಪು ಜನಾಂಗದವರಿಗಾಗಿ ಆಗ ಇದ್ದ ಏಳು ವೈದ್ಯಕೀಯ ಶಾಲೆಗಳಲ್ಲಿ ಹೊವಾರ್ಡ್ ಮತ್ತು ಮೆಹ್ಯಾರಿ ಎಂಬ ಎರಡನ್ನು ಬಿಟ್ಟು ಉಳಿದೈದೂ ಅದರ ನಂತರದ ವರ್ಷಗಳಲ್ಲಿ ಮುಚ್ಚಿಹೋದವು. ಬಿಳಿಯರ ಶಾಲೆಗಳೆಲ್ಲವೂ ಅವರಿಗೆ ಬಾಗಿಲು ತೆರೆಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಆ ಕೊರತೆ ಇವತ್ತಿಗೂ ತುಂಬಿಲ್ಲ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ 2018ರಲ್ಲಿ ಲೆಕ್ಕ ಹಾಕಿದಾಗ ವೃತ್ತಿನಿರತ ವೈದ್ಯರಲ್ಲಿ ಕಪ್ಪು ಜನಾಂಗದವರು ಶೇ. 5ರಷ್ಟಿದ್ದರು, ಹಿಸ್ಪಾನಿಕ್ ಮೂಲದವರು ಶೇ. 6ಕ್ಕೂ ತುಸು ಕಡಿಮೆ ಇದ್ದರು. ಜನಸಂಖ್ಯೆಯಲ್ಲಿ ಈ ಎರಡು ಸಮುದಾಯಗಳ ಪಾಲು ಕ್ರಮವಾಗಿ ಸುಮಾರು ಶೇ. 13 ಮತ್ತು ಶೇ. 18. ಏಷ್ಯಾ ಮೂಲದ ವೈದ್ಯರು ಅದೇ ಲೆಕ್ಕದಲ್ಲಿ ಶೇ. 17ರಷ್ಟಿದ್ದರು, ಜನಸಂಖ್ಯೆಯಲ್ಲಿ ಅವರ ಪಾಲಾದರೋ ಸುಮಾರು ಶೇ. 6 ಮಾತ್ರ. ಅಂದರೆ ಭಾರತೀಯರು ಎಂಬ ಒಂದೇ ಕಾರಣಕ್ಕೆ ನಮ್ಮ ಮಕ್ಕಳು ಇಲ್ಲಿ ಪ್ರಾತಿನಿಧ್ಯವಿಲ್ಲದವರ ಸಾಲಿಗೆ ಸೇರುವುದಿಲ್ಲ. ಊರಿನ ಜಾತಿ ಪ್ರಮಾಣಪತ್ರವೂ ಈ ಅರ್ಜಿಗಳಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

1991ರಲ್ಲಿ ಇದೇ ಸಂಘವು, 2000ನೇ ಇಸವಿಯ ಹೊತ್ತಿಗೆ ಪ್ರಾತಿನಿಧ್ಯ ಕಡಿಮೆಯಿರುವ ಸಮುದಾಯಗಳಿಂದ ವರ್ಷಕ್ಕೆ 3000 ವಿದ್ಯಾರ್ಥಿಗಳು ವೈದ್ಯಕೀಯ ಕಾಲೇಜು ಸೇರಬೇಕೆಂಬ ಗುರಿಯನ್ನು ಘೋಷಿಸಿತು. ಆ ಗುರಿ ಈಡೇರಲಿಲ್ಲ. ಕಾಲೇಜಿನ ಪ್ರವೇಶದ ಹಂತದಲ್ಲಿ ಮಾತ್ರ ಪ್ರಯತ್ನಿಸಿದರೆ ಸಾಲದು, ಶಾಲೆಯ ಮಕ್ಕಳನ್ನೇ ತಲುಪಬೇಕು ಎಂಬ ತಿಳಿವು ಆ ಹೊತ್ತಿಗೆ ಹಲವು ವಿಶ್ವವಿದ್ಯಾಲಯಗಳಲ್ಲಿ ಬೇರೂರಿತ್ತು, ಮತ್ತು ನೀವು ಕೇಳುತ್ತಿರುವ ಬೇಸಿಗೆ ಕಾರ್ಯಕ್ರಮಗಳು ಆ ತಿಳಿವಿನಿಂದಲೇ ಬೆಳೆದವು.

ಇವುಗಳಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವುದು ನಿಮ್ಮದೇ ರಾಜ್ಯದ ಸ್ಟ್ಯಾನ್‌ಫರ್ಡ್ ಮೆಡಿಕಲ್ ಯೂತ್ ಸೈನ್ಸ್ ಪ್ರೋಗ್ರಾಮ್ ಅನ್ನು. ಸಾಂಕ್ರಾಮಿಕ ರೋಗವಿಜ್ಞಾನಿ ಮೆರಿಲಿನ್ ವಿಂಕಲ್‌ಬಿ ಇಬ್ಬರು ಪದವಿ ವಿದ್ಯಾರ್ಥಿಗಳ ಜೊತೆ ಸೇರಿ 1988ರಲ್ಲಿ ಇದನ್ನು ಆರಂಭಿಸಿದರು. ಕಡಿಮೆ ಆದಾಯದ ಮನೆಗಳಿಂದ ಬಂದ ಇಪ್ಪತ್ತಕ್ಕೂ ತುಸು ಹೆಚ್ಚು ಮಕ್ಕಳು ಐದು ವಾರ ವಿಶ್ವವಿದ್ಯಾಲಯದ ಆವರಣದಲ್ಲೇ ಉಳಿದು, ಅಂಗರಚನಾಶಾಸ್ತ್ರದ ಪಾಠ ಕೇಳಿ, ಆಸ್ಪತ್ರೆಯ ವಿಭಾಗಗಳಲ್ಲಿ ಕೆಲಸ ಕಲಿತು, ತಮ್ಮ ಊರು ಕೇರಿಗಳ ಆರೋಗ್ಯ ಸಮಸ್ಯೆಗಳ ಮೇಲೆ ಗುಂಪಾಗಿ ಸಂಶೋಧನೆ ನಡೆಸುತ್ತಿದ್ದರು. ಇದಕ್ಕಾಗಿ ಕುಟುಂಬ ಒಂದು ಡಾಲರನ್ನೂ ಕೊಡಬೇಕಾಗಿರಲಿಲ್ಲ. ಬೇರೆಡೆ ಅಪರೂಪವಾದ ಒಂದು ಕೆಲಸವನ್ನೂ ಅಲ್ಲಿ ಮಾಡಿದರು: ಮಕ್ಕಳು ಮನೆಗೆ ಮರಳಿದ ಮೇಲೂ ಹದಿನೆಂಟು ವರ್ಷಗಳವರೆಗೆ ಅವರ ಜಾಡು ಹಿಡಿದು ಫಲಿತಾಂಶವನ್ನು ಪ್ರಕಟಿಸಿದರು. ಆ ಅವಧಿಯಲ್ಲಿ ಕಾರ್ಯಕ್ರಮ ಮುಗಿಸಿದ 405 ಮಕ್ಕಳಲ್ಲಿ ಬಹುತೇಕ ಎಲ್ಲರೂ ಕಾಲೇಜು ಸೇರಿದ್ದರು, ಕಾಲೇಜಿನ ಕಾಲ ದಾಟಿದವರಲ್ಲಿ ಸುಮಾರು ಶೇ. 80ರಷ್ಟು ಮಂದಿ ನಾಲ್ಕು ವರ್ಷದ ಪದವಿ ಪಡೆದಿದ್ದರು, ಆ ಪದವೀಧರರಲ್ಲಿ ಅರ್ಧದಷ್ಟು ಜನ ವೈದ್ಯಕೀಯ ಅಥವಾ ಇತರ ಉನ್ನತ ವ್ಯಾಸಂಗಕ್ಕೆ ಹೋಗಿದ್ದರು. ಆಯ್ಕೆಯಾದವರು ಮೊದಲೇ ಛಲವುಳ್ಳ ಮಕ್ಕಳು, ಹಾಗಾಗಿ ಈ ಎಲ್ಲ ಶ್ರೇಯವನ್ನೂ ಐದು ವಾರಗಳಿಗೇ ಕೊಡಲಾಗದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇಲ್ಲದ ಮಕ್ಕಳ ವಿಷಯದಲ್ಲಿ ಇದು ಸಾಧಾರಣ ಫಲಿತಾಂಶವಲ್ಲ.

ಹಾಗಾದರೆ ಆ ಮಕ್ಕಳಿಗೆ ಅಲ್ಲಿ ಸಿಗುವುದೇನು? ಪಾಠವನ್ನು ಪುಸ್ತಕದಿಂದಲೂ ಕಲಿಯಬಹುದು. ಪುಸ್ತಕದಲ್ಲಿ ಸಿಗದಿರುವುದು ಪರಿಚಯ. ಅಮೆರಿಕದಲ್ಲಿ ವೈದ್ಯರಾಗಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ವೈದ್ಯಕೀಯ ಶಿಕ್ಷಣ, ಅದಾದ ಮೇಲೆ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಎಂಬ ಮೂರರಿಂದ ಏಳು ವರ್ಷದ ತರಬೇತಿ ಬೇಕು. ನಮ್ಮಲ್ಲಿ ಪಿಯುಸಿ ಮುಗಿದೊಡನೆ ನೀಟ್ ಬರೆದು ಸೀಟು ಪಡೆಯುವಂತೆ ಇಲ್ಲಿ ಒಂದೇ ಪರೀಕ್ಷೆಯಲ್ಲಿ ದಾರಿ ನಿರ್ಧಾರವಾಗುವುದಿಲ್ಲ. ಯಾವ ವರ್ಷ ಯಾವ ವಿಷಯ ಓದಬೇಕು, ಯಾರ ಪ್ರಯೋಗಾಲಯದಲ್ಲಿ ಅವಕಾಶ ಕೇಳಬೇಕು, ಯಾರಿಂದ ಶಿಫಾರಸು ಪತ್ರ ಪಡೆಯಬೇಕು, ಸಾಲವನ್ನು ಹೇಗೆ ನಿಭಾಯಿಸಬೇಕು ಎಂಬುದನ್ನೆಲ್ಲ ಹತ್ತು ಹದಿನೈದು ವರ್ಷಗಳ ಕಾಲ ಯಾರಾದರೂ ಹೇಳುತ್ತಲೇ ಇರಬೇಕು. ವೈದ್ಯರ ಮನೆಯ ಮಗುವಿಗೆ ಇದು ರಾತ್ರಿಯ ಊಟದ ಹೊತ್ತಿನಲ್ಲೇ ಸಿಗುತ್ತದೆ. ಹೊಲದಲ್ಲಿ ಸ್ಟ್ರಾಬೆರಿ ಬಿಡಿಸುವವರ ಅಥವಾ ಹೋಟೆಲಿನ ಕೋಣೆಗಳನ್ನು ಗುಡಿಸುವವರ ಮಗುವಿಗೆ ಅದನ್ನು ಯಾರೂ ಹೇಳುವುದಿಲ್ಲ. ಈ ಅಂತರವನ್ನು ಕಡಿಮೆ ಮಾಡುವುದೇ ಈ ಕಾರ್ಯಕ್ರಮಗಳ ಉದ್ದೇಶವೆಂದು ನಾನು ನಂಬಿದ್ದೇನೆ, ಮತ್ತು ನಿಮ್ಮ ಮಗಳು ಅರ್ಜಿ ಹಾಕಬೇಕೇ ಎಂಬುದನ್ನು ಈ ಅಳತೆಯಲ್ಲೇ ನೀವು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಇನ್ನು ಅರ್ಹತೆಯ ವಿಷಯ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳು 1996ರ ಜನಮತದ ನಂತರ ಜನಾಂಗವನ್ನು ಆಧಾರವಾಗಿಟ್ಟುಕೊಂಡು ಪ್ರವೇಶ ಕೊಡುವಂತಿಲ್ಲ, ಮತ್ತು 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಹಾರ್ವರ್ಡ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಬಳಿಕ ದೇಶದ ಉಳಿದ ಕಾಲೇಜುಗಳಿಗೂ ಅದೇ ಸ್ಥಿತಿ ಬಂದಿದೆ. ಹೀಗಾಗಿ ಬಹಳಷ್ಟು ಬೇಸಿಗೆ ಕಾರ್ಯಕ್ರಮಗಳು ಈಗ ಕುಟುಂಬದ ಆದಾಯ, ತಂದೆತಾಯಿಯರ ವಿದ್ಯಾಭ್ಯಾಸ, ವಾಸಿಸುವ ಪ್ರದೇಶ, ಶಾಲೆಯ ಸ್ಥಿತಿ ಇವುಗಳನ್ನೇ ಕೇಳುತ್ತವೆ. ಆದಾಯಕ್ಕೆ ಎಲ್ಲೆಡೆ ಬಳಕೆಯಲ್ಲಿರುವ ಅಳತೆ ಶಾಲೆಯ ಊಟದ ರಿಯಾಯಿತಿ: ಒಕ್ಕೂಟ ಸರ್ಕಾರದ ಬಡತನದ ರೇಖೆಯ ಶೇ. 130ರೊಳಗೆ ಆದಾಯವಿದ್ದರೆ ಉಚಿತ ಊಟ, ಶೇ. 185ರವರೆಗೆ ಕಡಿಮೆ ದರದ ಊಟ. ನಿಮ್ಮ ಕುಟುಂಬ ಈ ಮಿತಿಯೊಳಗಿದ್ದರೆ ಯಾವ ಸಂಕೋಚವೂ ಇಲ್ಲದೆ ಅರ್ಜಿ ಹಾಕಿ. ಮೋಟೆಲು, ಪೆಟ್ರೋಲ್ ಬಂಕು, ದಿನಸಿ ಅಂಗಡಿಗಳಲ್ಲಿ ದುಡಿಯುವ ಭಾರತೀಯ ಕುಟುಂಬಗಳ ಮಕ್ಕಳು ನಮ್ಮ ಕಾರ್ಯಕ್ರಮದಲ್ಲಿ ಆಯ್ಕೆಯಾಗಿ ಚೆನ್ನಾಗಿ ಮಾಡಿದ್ದಾರೆ. ತಂದೆತಾಯಿಯರಲ್ಲಿ ಯಾರೂ ನಾಲ್ಕು ವರ್ಷದ ಪದವಿ ಪಡೆಯದಿದ್ದರೆ ಮಗು ಮೊದಲ ತಲೆಮಾರಿನ ವಿದ್ಯಾರ್ಥಿ ಎನಿಸಿಕೊಳ್ಳುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪದವಿ ಯಾವ ದೇಶದ್ದಾದರೂ ಪದವಿಯೇ. ಬೆಂಗಳೂರಿನಲ್ಲಿ ಬಿ.ಇ. ಮುಗಿಸಿದ ತಂದೆಯಿರುವಾಗ, ಅಮೆರಿಕದಲ್ಲಿ ಓದಿದವರು ಮನೆಯಲ್ಲಿ ಯಾರೂ ಇಲ್ಲ ಎಂಬ ಆಧಾರದ ಮೇಲೆ ಮೊದಲ ತಲೆಮಾರು ಎಂದು ಗುರುತು ಹಾಕುವುದು ಸರಿಯಲ್ಲ. ಇಂಥ ಅರ್ಜಿಗಳನ್ನು ಕಂಡಾಗ ನನಗೆ ನೋವಾಗುತ್ತದೆ, ಏಕೆಂದರೆ ಇರುವ ಸ್ಥಾನಗಳು ಬೆರಳೆಣಿಕೆಯಷ್ಟು.

ವೀಸಾದ ವಿಷಯ ನಮ್ಮವರಿಗೆ ಇನ್ನೂ ಕಠಿಣ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್ಐಎಚ್) ಹಣದಲ್ಲಿ ನಡೆಯುವ ಕಾರ್ಯಕ್ರಮಗಳು ಸಾಮಾನ್ಯವಾಗಿ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಎಚ್-4, ಅಂದರೆ ಕೆಲಸದ ವೀಸಾದಲ್ಲಿರುವವರ ಅವಲಂಬಿತರಿಗೆ ಕೊಡುವ ವೀಸಾದಲ್ಲಿರುವ ಮಗು ಸ್ಟೈಪೆಂಡ್ ಪಡೆದು ಕೆಲಸ ಮಾಡುವಂತಿಲ್ಲ, ಇಪ್ಪತ್ತೊಂದು ತುಂಬಿದಾಗ ಆ ವೀಸಾವೂ ಮುಗಿಯುತ್ತದೆ, ಮತ್ತು ಅನೇಕ ವೈದ್ಯಕೀಯ ಕಾಲೇಜುಗಳು ಗ್ರೀನ್ ಕಾರ್ಡ್ ಇಲ್ಲದವರ ಅರ್ಜಿಯನ್ನೇ ಪರಿಗಣಿಸುವುದಿಲ್ಲ. ನಿಮ್ಮ ಮಗಳು ಎಚ್-4ನಲ್ಲಿದ್ದರೆ ಈ ಮಾತನ್ನು ಅವಳ ಜೊತೆ ಈಗಲೇ ಬಿಚ್ಚಿ ಮಾತನಾಡುವುದು ಒಳ್ಳೆಯದು. ಒಕ್ಕೂಟ ಸರ್ಕಾರದ ಹಣವನ್ನು ನೆಚ್ಚಿಕೊಂಡ ಕಾರ್ಯಕ್ರಮಗಳು ಇತ್ತೀಚೆಗೆ ಅನಿಶ್ಚಿತವಾಗಿರುವುದನ್ನೂ ಗಮನದಲ್ಲಿಡಿ. 2025ರಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ತನ್ನ ಬೇಸಿಗೆ ಇಂಟರ್ನ್‌ಶಿಪ್ ಅನ್ನೇ ರದ್ದುಮಾಡಿತು. ಒಂದೇ ಕಡೆ ನಂಬಿಕೆಯಿಟ್ಟು ಕೂರಬಾರದು.

ಅಂಚೆಯಲ್ಲಿ ಬಂದ ಪತ್ರದ ಬಗ್ಗೆ ಹೇಳುವುದಾದರೆ, ಇಂಥ ಪತ್ರಗಳು ದೇಶದಾದ್ಯಂತ ಸಾವಿರಾರು ಮನೆಗಳಿಗೆ ಹೋಗುತ್ತವೆ. ದೊಡ್ಡ ಸಭಾಂಗಣದಲ್ಲಿ ಕೆಲವು ಭಾಷಣ, ಒಂದು ಪ್ರಮಾಣಪತ್ರ, ಒಂದು ಬಿಳಿಯ ಕೋಟು, ಹೋಟೆಲಿನ ಖರ್ಚು ಪ್ರತ್ಯೇಕ. ಅದು ಅಪರಾಧವಲ್ಲ, ಮಗುವಿಗೆ ಉತ್ಸಾಹವೂ ಬರಬಹುದು, ಆದರೆ ಕಾಲೇಜು ಪ್ರವೇಶದ ಅರ್ಜಿಯಲ್ಲಿ ಅದಕ್ಕೆ ಬೆಲೆಯಿಲ್ಲ. ನಿಜವಾದ ಕಾರ್ಯಕ್ರಮವನ್ನು ಗುರುತಿಸುವುದು ಕಷ್ಟವಲ್ಲ. ಅದು ನಿಮ್ಮಿಂದ ಹಣ ಪಡೆಯುವುದಿಲ್ಲ, ಅನೇಕ ಕಡೆ ಮಗುವಿಗೇ ಸ್ಟೈಪೆಂಡ್ ಕೊಡುತ್ತದೆ, ಏಕೆಂದರೆ ಬೇಸಿಗೆಯಲ್ಲಿ ದುಡಿದು ಮನೆಗೆ ನೆರವಾಗಬೇಕಾದ ಮಗು ಸಂಬಳವಿಲ್ಲದೆ ಬರಲಾರದು ಎಂಬುದು ಅದನ್ನು ನಡೆಸುವವರಿಗೆ ಗೊತ್ತಿರುತ್ತದೆ. ಅದರ ವಿಳಾಸ ವಿಶ್ವವಿದ್ಯಾಲಯದ ಅಥವಾ ಆಸ್ಪತ್ರೆಯ ಸ್ವಂತ ಜಾಲತಾಣದಲ್ಲಿರುತ್ತದೆ. ಆವರಣವನ್ನು ಬಾಡಿಗೆಗೆ ಪಡೆದ ಕಂಪನಿಗಳು ವಿಶ್ವವಿದ್ಯಾಲಯದ ಹೆಸರನ್ನು ದೊಡ್ಡದಾಗಿ ಅಚ್ಚು ಹಾಕಿಸಿಕೊಳ್ಳುವುದರಿಂದ ಇದನ್ನು ಪರೀಕ್ಷಿಸಲೇಬೇಕು.

ಅರ್ಜಿಯನ್ನು ಬಹುತೇಕ ಕಡೆ ಜನವರಿಯಿಂದ ಮಾರ್ಚ್‌ವರೆಗೆ ಸ್ವೀಕರಿಸುತ್ತಾರೆ. ಅನೇಕ ಕಡೆ ಹನ್ನೊಂದನೆಯ ತರಗತಿಯವರಿಗೆ ಆದ್ಯತೆ. ಹೀಗಾಗಿ ನಿಮ್ಮ ಮಗಳಿಗೆ ತಯಾರಿಗೆ ಕಾಲಾವಕಾಶವಿದೆ. ಅಂಕಪಟ್ಟಿ, ಶಿಕ್ಷಕರ ಶಿಫಾರಸು, ಆದಾಯದ ಪುರಾವೆ ಇವೆಲ್ಲ ಬೇಕಾಗುತ್ತವೆ, ಆದರೆ ಓದುವವರು ಕೊನೆಗೆ ತೂಗಿ ನೋಡುವುದು ಪ್ರಬಂಧವನ್ನು. ಮನುಕುಲದ ಸೇವೆಯ ಮೇಲೆ ಬರೆದ ಭಾಷಣದಂಥ ಪ್ರಬಂಧಗಳು ಒಂದರಂತೆ ಇನ್ನೊಂದಿರುತ್ತವೆ. ಇಂಗ್ಲಿಷ್ ಬಾರದ ಅಜ್ಜಿಯ ಜೊತೆ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ್ದನ್ನು ಮನೆಯ ಮಾತಿನಲ್ಲಿ ಅವರಿಗೆ ತಿಳಿಸುವಾಗ ಯಾವ ಮಾತನ್ನು ಹೇಗೆ ಹೇಳಬೇಕೆಂದು ತಡವರಿಸಿದ ಹುಡುಗಿಯ ಪ್ರಬಂಧ ನನ್ನ ನೆನಪಿನಲ್ಲಿ ಉಳಿದಿದೆ. ತಾನು ಕಂಡದ್ದನ್ನು, ಮಾಡಿದ್ದನ್ನು, ಅದರಿಂದ ತನಗೆ ಹುಟ್ಟಿದ ಪ್ರಶ್ನೆಯನ್ನು ನಿಮ್ಮ ಮಗಳು ತನ್ನದೇ ಮಾತಿನಲ್ಲಿ ಬರೆಯಲಿ. ದಯವಿಟ್ಟು ನೀವು ಅದನ್ನು ತಿದ್ದಬೇಡಿ.

ಒಂದು ವೇಳೆ ನೀವಿಬ್ಬರೂ ಪದವೀಧರರಾಗಿದ್ದು ಸಂಬಳ ಚೆನ್ನಾಗಿದ್ದರೆ, ಈ ಸ್ಥಾನಗಳನ್ನು ಬೇರೆಯವರಿಗೆ ಬಿಟ್ಟುಕೊಡಿ ಎಂದು ಕೈಮುಗಿದು ಕೇಳುತ್ತೇನೆ. ಆಗಲೂ ಅವಳಿಗೆ ದಾರಿಗಳಿವೆ. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಮಹಿಳೆಯರು ತೀರಾ ಕಡಿಮೆಯಿರುವುದರಿಂದ 2009ರಲ್ಲಿ ಆರಂಭವಾದ ಪೆರ್ರಿ ಇನಿಶಿಯೇಟಿವ್, ಹೈಸ್ಕೂಲು ಹುಡುಗಿಯರಿಗೆ ಒಂದು ದಿನದ ಶಿಬಿರ ನಡೆಸಿ ಕೃತಕ ಮೂಳೆಗಳ ಮೇಲೆ ಡ್ರಿಲ್ ಹಿಡಿದು ಕೆಲಸ ಮಾಡಲು ಕಲಿಸುತ್ತದೆ. ಅಲ್ಲಿಗೆ ಅವಳು ಸಲ್ಲುತ್ತಾಳೆ. ಕ್ಯಾಲಿಫೋರ್ನಿಯಾದಲ್ಲಿ ಹದಿನಾರು ತುಂಬಿದವರು ತರಬೇತಿ ಮತ್ತು ಪರೀಕ್ಷೆ ಮುಗಿಸಿ ನರ್ಸಿಂಗ್ ಅಸಿಸ್ಟೆಂಟ್ ಪ್ರಮಾಣಪತ್ರ ಪಡೆಯಬಹುದು, ಕೆಲವು ಶಾಲಾ ಜಿಲ್ಲೆಗಳು ಈ ತರಬೇತಿಯನ್ನು ತಾವೇ ಕೊಡುತ್ತವೆ. ವೃದ್ಧರಿಗೆ ಸ್ನಾನ ಮಾಡಿಸುವ, ಹಾಸಿಗೆ ಬದಲಿಸುವ, ಊಟ ತಿನ್ನಿಸುವ ಆ ಕೆಲಸ ರೋಗಿಯ ಬಳಿ ಇರುವುದೆಂದರೇನು ಎಂಬುದನ್ನು ಯಾವ ಶಿಬಿರಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಆಸ್ಪತ್ರೆಯಲ್ಲಿ ಸ್ವಯಂಸೇವೆ ಮಾಡಲು ಹೊರಟರೆ ಕ್ಷಯದ ಪರೀಕ್ಷೆ ಮತ್ತು ಲಸಿಕೆಗಳ ದಾಖಲೆಯನ್ನು ಸಾಮಾನ್ಯವಾಗಿ ಕೇಳುತ್ತಾರೆ; ಊರಿನಲ್ಲಿ ಹಾಕಿಸಿದ ಲಸಿಕೆಗಳ ಚೀಟಿಯನ್ನು ಈಗಲೇ ಹುಡುಕಿಡಿ.

ಅರ್ಹತೆಯಿದ್ದರೆ, ಮುಂದಿನ ವಾರವೇ ಶಾಲೆಯ ಕೌನ್ಸೆಲರ್‌ಗೆ ಪತ್ರ ಬರೆದು ಎರಡು ಸಂಗತಿ ಕೇಳಿ. ಒಂದು, ನಿಮ್ಮ ಶಾಲಾ ಜಿಲ್ಲೆಯ ಮಕ್ಕಳಿಗೆಂದೇ ಮೀಸಲಾದ ಕಾರ್ಯಕ್ರಮಗಳು ಯಾವುವು ಎಂಬುದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೈಸ್ಕೂಲು ಇಂಟರ್ನ್‌ಶಿಪ್ ಆ ನಗರದ ಸಾರ್ವಜನಿಕ ಶಾಲೆಗಳ ಮಕ್ಕಳಿಗಾಗಿ ಇರುವಂತೆ, ಇತರ ಊರುಗಳಲ್ಲೂ ಹೊರಗಿನವರಿಗೆ ಕಾಣದ ಸಣ್ಣ ಕಾರ್ಯಕ್ರಮಗಳಿರುತ್ತವೆ ಮತ್ತು ಅವುಗಳಿಗೆ ಸ್ಪರ್ಧೆ ಕಡಿಮೆ. ಇನ್ನೊಂದು, ನಿಮ್ಮ ಪ್ರದೇಶದ ಏರಿಯಾ ಹೆಲ್ತ್ ಎಜುಕೇಶನ್ ಸೆಂಟರ್ ಎಲ್ಲಿದೆ ಎಂಬುದು. ವೈದ್ಯರ ಕೊರತೆಯಿರುವ ಪ್ರದೇಶಗಳಿಗಾಗಿ 1970ರ ದಶಕದಲ್ಲಿ ಸ್ಥಾಪನೆಯಾದ ಈ ಕೇಂದ್ರಗಳಲ್ಲಿ ಹಲವು ಶಾಲಾ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸುತ್ತವೆ. ಆದಾಯ, ಓದು, ವೀಸಾದ ವಿವರಗಳನ್ನು ಇಲ್ಲಿ ಬಹಿರಂಗವಾಗಿ ಬರೆಯುವ ಅಗತ್ಯವಿಲ್ಲ. ಮಗಳು ಈಗ ಓದುತ್ತಿರುವ ವಿಷಯಗಳನ್ನು ಮತ್ತು ನೀವಿರುವ ಕೌಂಟಿಯನ್ನಷ್ಟು ತಿಳಿಸಿದರೆ, ಹತ್ತಿರದಲ್ಲಿ ಯಾವುದನ್ನು ಮೊದಲು ವಿಚಾರಿಸಬೇಕೆಂದು ಹೇಳುತ್ತೇನೆ.